ಹೊಲದ ಕಾವಲಿಗೆ ಯಾವ ಸ್ಪೀಕರ್ ಪೆಟ್ಟಿಗೆ?

ಮುಸುಕಿನ ಜೋಳ ಹಾಲು ಕಟ್ಟುವ ಹೊತ್ತಿಗೆ ನಮ್ಮ ಕಡೆ ರೈತನ ನಿದ್ದೆ ಹೋಯ್ತು ಅಂತಲೇ ಲೆಕ್ಕ. ಹಗಲು ಗಿಳಿ, ನವಿಲು, ಕೋತಿ. ರಾತ್ರಿ ಹಂದಿ. ಹಾಸನದ ಸುತ್ತ ಆಲೂಗಡ್ಡೆಗೆ ಅಂಗಮಾರಿ ಕಾಟ ಹೆಚ್ಚಿದ ಮೇಲೆ ಎಷ್ಟೋ ಜನ ಜೋಳಕ್ಕೆ ಹೊರಳಿದರು. ಜೋಳದ ಹಿಂದೆಯೇ ಹಂದಿಯೂ ಬಂತು. ಅಟ್ಟಣೆ ಮೇಲೆ ಕೂತು ಡಬ್ಬ ಬಡಿಯೋಕೆ ಮನೇಲಿ ಹುಡುಗರಿಲ್ಲ, ಬೆಂಗಳೂರು ಸೇರಿದ್ದಾರೆ. ಹಾಗಾಗಿ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಒಂದು ಹಳೇ ಸ್ಪೀಕರ್, 12 ವೋಲ್ಟಿನ ಸಣ್ಣ ಆಂಪ್ಲಿಫೈಯರ್, ಒಂದು ಬ್ಯಾಟರಿ ಸೇರಿಸಿ ಹೊಲದಲ್ಲಿ ಸದ್ದು ಮಾಡಿಸುವ ಕೈಕೆಲಸಕ್ಕೆ ಇಳಿಯುವವರಿದ್ದಾರೆ.

ಇದು ಒಳ್ಳೇದೇ. ಬೇಲಿಗೆ ನೇರ ಕರೆಂಟ್ ಕೊಡೋದಕ್ಕಿಂತ ಸಾವಿರ ಪಾಲು ಮೇಲು. ಆ ತಂತಿ ಹಂದಿಯನ್ನಷ್ಟೇ ಕೊಲ್ಲೋದಿಲ್ಲ, ನೀರು ಕಟ್ಟೋಕೆ ಹೋದ ಮನುಷ್ಯನನ್ನೂ ಕೊಲ್ಲುತ್ತೆ. ಆದರೆ ಸ್ಪೀಕರ್ ಮಾಡುವಾಗ ನಾವು ಪೇಟೆಯವರ ಹಾಲ್‌ನಲ್ಲಿರುವ ಪೆಟ್ಟಿಗೆಯನ್ನೇ ಮಾದರಿ ಮಾಡ್ಕೊಳ್ತೀವಿ. ಅದು ಸರಿಯಲ್ಲ ಅನ್ನೋದು ನನ್ನ ಅಭಿಪ್ರಾಯ. ಭತ್ತದ ಗದ್ದೆಗೊಂದು ನೇಗಿಲು, ಖುಷ್ಕಿಗೊಂದು ನೇಗಿಲು ಇರುವ ಹಾಗೆ ಪೆಟ್ಟಿಗೆಯೂ ಕೆಲಸಕ್ಕೆ ತಕ್ಕಂತೆ ಇರಬೇಕು.

ಪೆಟ್ಟಿಗೆ ಯಾಕೆ ಬೇಕು?

ಸ್ಪೀಕರಿನ ಕಾಗದ ಮುಂದಕ್ಕೆ ತಳ್ಳಿದಾಗ ಮುಂದಿನ ಗಾಳಿ ಒತ್ತಿಕೊಳ್ಳುತ್ತೆ, ಹಿಂದಿನ ಗಾಳಿ ಸಡಿಲ ಆಗುತ್ತೆ. ಬರೀ ಸ್ಪೀಕರನ್ನು ನೇತು ಹಾಕಿದರೆ ಹಿಂದಿನ ದನಿ ಸುತ್ತಿ ಬಂದು ಮುಂದಿನ ದನಿಯನ್ನು ತಿಂದು ಹಾಕುತ್ತೆ. ದಪ್ಪ ದನಿಗೆ ಈ ನಷ್ಟ ಜಾಸ್ತಿ. 100 ಹರ್ಟ್ಸ್ ದನಿಯ ಒಂದು ಅಲೆಯೇ ಸುಮಾರು 11 ಅಡಿ ಉದ್ದ. ಅಂಗೈಯಗಲದ ಸ್ಪೀಕರ್ ಅದಕ್ಕೆ ಅಡ್ಡ ನಿಲ್ಲಲಾರದು. ಪೆಟ್ಟಿಗೆಯ ಮೊದಲ ಕೆಲಸ ಈ ಮುಂದು ಹಿಂದನ್ನು ಬೇರೆ ಮಾಡೋದು.

ಇದಕ್ಕೆ ಮುಖ್ಯವಾಗಿ ನಾಲ್ಕು ದಾರಿ. ಒಂದು, ಅಗಲ ಹಲಗೆಗೆ ಸ್ಪೀಕರ್ ಕೂರಿಸೋದು. ಎರಡು, ಪೂರ್ತಿ ಮುಚ್ಚಿದ ಪೆಟ್ಟಿಗೆ. ಮೂರು, ತೂತು ಬಿಟ್ಟು ಕೊಳವೆ ಇಟ್ಟ ಪೆಟ್ಟಿಗೆ. ನಾಲ್ಕು, ಹಾರ್ನ್, ಅಂದರೆ ಜಾತ್ರೆ, ಮದುವೆಗೆ ಮೈಕ್ ಸೆಟ್‌ನವರು ಮರಕ್ಕೆ ಕಟ್ಟುವ ಕಹಳೆ.

ಕೊಳವೆ ಪೆಟ್ಟಿಗೆ ನಮಗೆ ಬೇಡ

ಅಂಗಡಿಯಲ್ಲಿ ಕಾಣೋ ಪೆಟ್ಟಿಗೆಗಳಲ್ಲಿ ಬಹುಪಾಲು ಕೊಳವೆಯವೇ. ಒಳಗಿನ ಗಾಳಿ ಕೊಳವೆಯಲ್ಲಿ ತೂಗಾಡಿ ಗುಂಯ್ ಅನ್ನೋ ದಪ್ಪ ದನಿ ಕೊಡುತ್ತೆ. ಆದರೆ ಪೆಟ್ಟಿಗೆಯ ಒಳ ಅಳತೆ, ಕೊಳವೆಯ ಅಗಲ, ಉದ್ದ ಎಲ್ಲವೂ ಆ ಸ್ಪೀಕರಿಗೇ ಹೊಂದಬೇಕು. ಆಸ್ಟ್ರೇಲಿಯಾದ ಥೀಲ್ 1961ರಲ್ಲಿ, ಆಮೇಲೆ 1970ರ ದಶಕದಲ್ಲಿ ಸ್ಮಾಲ್ ಅನ್ನೋರು ಇದರ ಲೆಕ್ಕ ಹಾಕಿಕೊಟ್ಟರು. ಆ ಲೆಕ್ಕಕ್ಕೆ ಸ್ಪೀಕರ್ ತಯಾರಿಸಿದವರು ಕೊಡುವ ಅಂಕಿಗಳು ಬೇಕು. ಗುಜರಿಯಿಂದ ತಂದ ಸ್ಪೀಕರಿಗೆ ಅಂಕಿ ಎಲ್ಲಿಂದ ತರೋದು? ಅಳತೆ ತಪ್ಪಿದರೆ ಒಂದೇ ದನಿ ಮೊಳಗುತ್ತೆ. ಕೊಳವೆಯ ದನಿಗಿಂತ ಕೆಳಗಿನದು ಬಂದರೆ ಕಾಗದಕ್ಕೆ ಹಿಡಿತವೇ ಇರದೆ ಕಿತ್ತುಹೋಗಬಹುದು. ಇನ್ನು ಹೊಲದಲ್ಲಿ ಇಟ್ಟರಂತೂ ಆ ತೂತು ಹಲ್ಲಿಗೆ, ಇಲಿಗೆ, ಕಣಜಕ್ಕೆ ಬಾಡಿಗೆ ಇಲ್ಲದ ಮನೆ.

ಅದಕ್ಕಿಂತ ಮುಖ್ಯವಾದ ಮಾತು: ಹಂದಿಗೆ, ಗಿಳಿಗೆ ದಪ್ಪ ದನಿಯೇ ಬೇಕಾಗಿಲ್ಲ. ಹಕ್ಕಿಗಳ ಕಿವಿ ಚುರುಕಾಗಿರೋದು ಹೆಚ್ಚಾಗಿ 1 ಸಾವಿರದಿಂದ 4 ಸಾವಿರ ಹರ್ಟ್ಸ್ ನಡುವೆ. ಹಂದಿಗೆ ನಮಗೆ ಕೇಳದಷ್ಟು ಕೀಚಲು ದನಿಯೂ ಕೇಳುತ್ತೆ. ಬೇಡದ ದನಿಗೆ ಬ್ಯಾಟರಿ ಖಾಲಿ ಮಾಡೋದು ಯಾಕೆ?

ಹೊಲಕ್ಕೆ ಹಾರ್ನೇ ಸರಿ

ಕಾಗದದ ಸ್ಪೀಕರಿಗೆ 100 ವ್ಯಾಟ್ ಕೊಟ್ಟರೆ ದನಿಯಾಗಿ ಹೊರಬರೋದು ಸುಮಾರು ಒಂದು ವ್ಯಾಟ್ ಅಷ್ಟೆ. ಮಿಕ್ಕಿದ್ದು ಬಿಸಿಯಾಗಿ ಹೋಗುತ್ತೆ. ಒಳ್ಳೇ ಹಾರ್ನ್ ಹತ್ತು ವ್ಯಾಟ್, ಕೆಲವು ಸಲ ಅದಕ್ಕೂ ಮೇಲೆ ಕೊಡುತ್ತೆ. ಬಯಲಿನಲ್ಲಿ ದನಿ ಎರಡು ಪಟ್ಟು ದೂರ ಹೋಗಬೇಕಾದರೆ ನಾಲ್ಕು ಪಟ್ಟು ಶಕ್ತಿ ಬೇಕು. ಆ ಲೆಕ್ಕದಲ್ಲಿ ಅದೇ ಬ್ಯಾಟರಿಗೆ ಹಾರ್ನಿನ ದನಿ ಸುಮಾರು ಮೂರು ಪಟ್ಟು ದೂರ ಮುಟ್ಟುತ್ತೆ. ಬ್ಯಾಟರಿ ನಂಬಿದ ಸಣ್ಣ ರೈತನಿಗೆ ಇದಕ್ಕಿಂತ ದೊಡ್ಡ ಕಾರಣ ಬೇಕೆ? ಒಂದಡಿ ಅಗಲದ ಬಾಯಿ ಇದ್ದರೆ ಸುಮಾರು 350 ಹರ್ಟ್ಸ್‌ಗಿಂತ ಮೇಲಿನ ದನಿಗೆ ಸಾಕು. ನಾಯಿ ಬೊಗಳಿದ್ದು, ಮನುಷ್ಯ ಕೂಗಿದ್ದು, ಪಟಾಕಿ ಸದ್ದು ಎಲ್ಲದರ ಮುಖ್ಯ ಭಾಗ ಅದರಲ್ಲೇ ಬರುತ್ತೆ.

ಮಡಿಸಿದ ಹಾರ್ನನ್ನು ಮನೇಲಿ ಮಾಡೋದು ಕಷ್ಟ. ಮೈಕ್ ಸೆಟ್‌ನವರ ಹತ್ತಿರ ಹಳೇದು ಸಿಕ್ಕರೆ ತಗೊಳ್ಳಿ. ಯೂನಿಟ್ ಸುಟ್ಟಿದ್ದರೂ ಕಹಳೆ ಚೆನ್ನಾಗಿದ್ದರೆ ಯೂನಿಟ್ ಮಾತ್ರ ಬದಲಿಸಬಹುದು. 8 ಓಮ್ ಯೂನಿಟ್ ಆದರೆ ಸಾಲಿನಲ್ಲಿ 47 ಮೈಕ್ರೋಫ್ಯಾರಡ್‌ನ ನಾನ್-ಪೋಲಾರ್ ಕಂಡೆನ್ಸರ್ ಹಾಕಿ; ದಪ್ಪ ದನಿ ಒಳಗೆ ಹೋಗಿ ಯೂನಿಟ್ ಹರಿಯೋದು ತಪ್ಪುತ್ತೆ. ಬಾಯಿಯನ್ನು ಸ್ವಲ್ಪ ಕೆಳಮುಖ ಕಟ್ಟಿ, ಮಳೆ ನೀರು ನಿಲ್ಲೋದಿಲ್ಲ.

ಹತ್ತು ನಿಮಿಷಕ್ಕೆ ಒಂದು ನಿಮಿಷ ಸದ್ದು ಸಾಕು. ಆಗ 2 ಆಂಪಿಯರ್ ಎಳೆಯುವ ಆಂಪ್ಲಿಫೈಯರ್ ರಾತ್ರಿ 12 ಗಂಟೆಗೆ ಸದ್ದಿನ ಲೆಕ್ಕದಲ್ಲಿ ಎರಡೂವರೆ ಆಂಪಿಯರ್-ಅವರ್ ಒಳಗೇ ಮುಗಿಸುತ್ತೆ. 7 ಆಂಪಿಯರ್-ಅವರ್‌ನ ಸಣ್ಣ ಬ್ಯಾಟರಿಗೂ ಭಾರ ಅಲ್ಲ.

ಮನೆಗೆ ಮುಚ್ಚಿದ ಪೆಟ್ಟಿಗೆ

ಜಗುಲಿಯಲ್ಲೋ ಕೊಟ್ಟಿಗೆಯಲ್ಲೋ ರೇಡಿಯೋ ಕೇಳೋಕೆ ಹಾರ್ನ್ ಬೇಡ, ಕಿವಿಗೆ ಕರ್ಕಶ. ಅಲ್ಲಿಗೆ ಪೂರ್ತಿ ಮುಚ್ಚಿದ ಪೆಟ್ಟಿಗೆ ಒಳ್ಳೇದು. ಒಳಗಿನ ಗಾಳಿಯೇ ಸ್ಪ್ರಿಂಗಿನ ಹಾಗೆ ಕಾಗದವನ್ನು ಹಿಡಿಯುತ್ತೆ. ಅಳತೆಯಲ್ಲಿ ಸ್ವಲ್ಪ ಹೆಚ್ಚು ಕಮ್ಮಿ ಆದರೂ ಸಹಿಸಿಕೊಳ್ಳುತ್ತೆ. 6 ಇಂಚಿನ ಸ್ಪೀಕರಿಗೆ ಒಳ ಅಳತೆ 8, 8, 10 ಇಂಚು, ಅಂದರೆ ಸುಮಾರು ಹತ್ತು ಲೀಟರ್, ಒಂದು ನಡುಮಟ್ಟದ ಅಳತೆ. ಮುಕ್ಕಾಲು ಇಂಚಿನ ಪ್ಲೈವುಡ್ ಅಥವಾ ಒಣಗಿದ ಸಿಲ್ವರ್ ಓಕ್ ಹಲಗೆ ಸಾಕು. ಸಂದುಗಳಿಗೆ ಫೆವಿಕಾಲ್ ತುಂಬಿ, ಗಾಳಿ ಸೋರಬಾರದು. ಒಳಗೆ ಬೂರುಗದ ಹತ್ತಿ ಸಡಿಲವಾಗಿ ಹರಡಿ. ಪೆಟ್ಟಿಗೆ ಮಾಡೋಕೆ ಆಗದವರು ಅಗಲ ಹಲಗೆಯನ್ನೇ ಗೋಡೆ ಮೂಲೆಗೆ ಅಡ್ಡ ನಿಲ್ಲಿಸಬಹುದು, ಮಾತು ಸ್ಪಷ್ಟವಾಗಿ ಕೇಳುತ್ತೆ.

ಮೂರು ಎಚ್ಚರಿಕೆ

ಒಂದು, ಪ್ರಾಣಿಗಳು ದಡ್ಡರಲ್ಲ. ಒಂದೇ ಜಾಗದಿಂದ ಒಂದೇ ಸದ್ದು ಬಂದರೆ ಕೆಲವೇ ದಿನದಲ್ಲಿ ಹಂದಿ ಅದರ ಕೆಳಗೇ ಜೋಳ ಮುರಿಯುತ್ತೆ. ಸದ್ದು, ಜಾಗ, ಹೊತ್ತು ಬದಲಿಸ್ತಾ ಇರಿ. ತೆನೆ ಕಟ್ಟಿದ ಮೇಲೆ ಮಾತ್ರ ಶುರು ಮಾಡಿ. ನಡುವೆ ಒಂದೊಂದು ದಿನ ನೀವೇ ಹೋಗಿ ಕೂಗಿ, ಆಗ ಸದ್ದಿಗೆ ಬೆಲೆ ಇರುತ್ತೆ.

ಎರಡು, ಆನೆಗೆ ಇದನ್ನು ನಂಬಬೇಡಿ. ಆಲೂರು, ಸಕಲೇಶಪುರದ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ. ಬೆದರಿದ ಆನೆ ಯಾವ ಕಡೆ ತಿರುಗುತ್ತೆ ಅಂತ ಹೇಳೋಕಾಗಲ್ಲ. ಎಂಟು ಸಲ ದಸರಾ ಅಂಬಾರಿ ಹೊತ್ತ ಅರ್ಜುನನೇ 2023ರ ಡಿಸೆಂಬರ್ 4ರಂದು ಯಸಳೂರು ಬಳಿ ಕಾಡಾನೆ ಜೊತೆ ಕಾದಾಡಿ ಸತ್ತ. ಆನೆ ಬಂದರೆ ಒಳಗಿದ್ದು ಅರಣ್ಯ ಇಲಾಖೆಗೆ ತಿಳಿಸಿ.

ಮೂರು, ನೆರೆಯವರು. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕಕ್ಕೆ ತಡೆ ಇದೆ. ಪೇಟೆಯ ಗಲಾಟೆ ನೋಡಿ ಮಾಡಿದ ನಿಯಮಕ್ಕೆ ಹಂದಿ ಕಾಯುವವನ ಕಷ್ಟ ಗೊತ್ತಿಲ್ಲ. ಹಾಗಂತ ಕದ್ದು ಹಾಕೋದು ಬೇಡ. ಪಂಚಾಯ್ತಿಯಲ್ಲಿ, ಪೊಲೀಸ್ ಠಾಣೆಯಲ್ಲಿ ಊರಿನವರೆಲ್ಲ ಸೇರಿ ಮೊದಲೇ ಕೇಳಿ. ಬೆಳೆ ಕಾಯುವ ಸದ್ದಿಗೆ ಒಂದು ದಾರಿ ಮಾಡಿಕೊಡಿ ಅಂತ ಸರ್ಕಾರವನ್ನೂ ಕೇಳೋಣ. ಅಲ್ಲಿಯತನಕ ಹಗಲಿನ ಗಿಳಿ, ಕೋತಿಗೆ ಬಳಸಿ. ಹಾರ್ನಿನ ಬಾಯಿ ಹೊಲದ ಕಡೆ ಇರಲಿ, ಬೆನ್ನು ಊರಿನ ಕಡೆ ಇರಲಿ. ಹಾರ್ನ್ ಎದುರಿಗೆ ಹೆಚ್ಚು, ಹಿಂದಕ್ಕೆ ಕಮ್ಮಿ ಕೂಗುತ್ತೆ. ಪಕ್ಕದ ಮನೆ ಬಾಣಂತಿಯ ನಿದ್ದೆ ಕೆಡಿಸಿ ಉಳಿಸಿದ ಜೋಳ ಯಾರಿಗೂ ಒಗ್ಗೋದಿಲ್ಲ.