ಕ್ಯಾನ್ಸರ್ ಚಿಕಿತ್ಸೆ: ತೂಕವೊಂದನ್ನೇ ನೋಡಿದರೆ ಸಾಲದು

ಮುಂಬಯಿಯ ಪರೇಲಿನಲ್ಲಿ 1941ರಲ್ಲಿ ಆರಂಭವಾದ ಟಾಟಾ ಸ್ಮಾರಕ ಆಸ್ಪತ್ರೆಗೆ ಚಿಕಿತ್ಸೆಯನ್ನರಸಿ ಬರುವವರಲ್ಲಿ ಕನ್ನಡ ನಾಡಿನವರೂ ಇದ್ದಾರೆ. ಅವರಲ್ಲಿ ಅನೇಕರಿಗೆ ಈ ನಗರದ ಬಂಧುಗಳ ಎರಡು ಕೋಣೆಯ ಮನೆಯೇ ತಿಂಗಳುಗಟ್ಟಲೆ ಆಶ್ರಯ. ರೋಗಿಯನ್ನು ಮಂಚದಿಂದ ಇಳಿಯಗೊಡದೆ, ಗಂಜಿ, ಎಳನೀರು, ಹಣ್ಣಿನ ರಸಗಳನ್ನಷ್ಟೇ ಕೊಟ್ಟು ಉಪಚರಿಸುವುದು ನಮ್ಮಲ್ಲಿ ಪ್ರೀತಿಯ ಲಕ್ಷಣವೆನಿಸಿದೆ. ಆದರೆ ಕೀಮೋಥೆರಪಿಗೆ ಒಳಗಾದವರಿಗೆ ಈ ಪ್ರೀತಿಯೇ ಹಾನಿಕರವಾಗಬಹುದೆಂಬುದು ನನ್ನ ಅಭಿಪ್ರಾಯ.

ಕೀಮೋಥೆರಪಿಯ ಅನೇಕ ಔಷಧಗಳ ಪ್ರಮಾಣವನ್ನು ರೋಗಿಯ ಎತ್ತರ ಮತ್ತು ತೂಕಗಳಿಂದ ಗಣಿಸಿದ ಮೈ ವಿಸ್ತೀರ್ಣಕ್ಕೆ ಅನುಗುಣವಾಗಿ ನಿಗದಿಪಡಿಸುತ್ತಾರೆ. ಈ ಬಗೆಯ ಸೂತ್ರಗಳಲ್ಲಿ ಪ್ರಸಿದ್ಧವಾದ ಡುಬಾಯ್ ಸೂತ್ರವು 1916ರಷ್ಟು ಹಳೆಯದು. ಆದರೆ ತೂಕವೆಂಬುದು ಒಟ್ಟು ಮೊತ್ತ ಮಾತ್ರ. ಅದರಲ್ಲಿ ಮಾಂಸಖಂಡವೆಷ್ಟು, ಕೊಬ್ಬೆಷ್ಟು ಎಂಬುದನ್ನು ತಕ್ಕಡಿ ಹೇಳದು. ಆಸ್ತಿಯ ಪಟ್ಟಿ ಉದ್ದವಾಗಿದ್ದ ಮಾತ್ರಕ್ಕೆ ವ್ಯಾಪಾರಿಯ ಕೈಯಲ್ಲಿ ನಗದು ಇದೆಯೆಂದು ಹೇಳಲಾಗದಷ್ಟೆ. ಸಮಾನ ಎತ್ತರ, ಸಮಾನ ತೂಕದ ಇಬ್ಬರಿಗೆ ಒಂದೇ ಪ್ರಮಾಣದ ಔಷಧ ದೊರೆತಾಗ, ಮಾಂಸಖಂಡ ಕಡಿಮೆಯಿರುವವರಲ್ಲಿ ಕೊಬ್ಬನ್ನುಳಿದ ದೇಹದ ಪ್ರತಿ ಕಿಲೋಗ್ರಾಮಿಗೆ ಸಲ್ಲುವ ಔಷಧದ ಪಾಲು ಹೆಚ್ಚಾಗುತ್ತದೆ. ಮೈತುಂಬಿಕೊಂಡು ಕಾಣುವವರೂ ಇದಕ್ಕೆ ಹೊರತಲ್ಲ. ಕೊಬ್ಬಿನ ಮರೆಯಲ್ಲಿ ಮಾಂಸಖಂಡ ಸೊರಗಿರಬಹುದು.

ಕೆನಡಾದ ಆಲ್ಬರ್ಟಾದಲ್ಲಿ ಕಾರ್ಲಾ ಪ್ರಾಡೊ, ವಿಕಿ ಬರಾಕೋಸ್ ಮತ್ತು ಅವರ ಸಂಗಡಿಗರು ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಗಮನಾರ್ಹವಾದುದು. ದೇಹದ ಇತರ ಭಾಗಗಳಿಗೆ ಹರಡಿದ ಸ್ತನ ಕ್ಯಾನ್ಸರಿಗಾಗಿ ಕ್ಯಾಪೆಸಿಟಬೀನ್ ಸೇವಿಸುತ್ತಿದ್ದ 55 ಮಹಿಳೆಯರನ್ನು ಅವರು ಪರಿಶೀಲಿಸಿದರು. ಮಾಂಸಖಂಡ ಕ್ಷೀಣಿಸಿದ್ದವರಲ್ಲಿ ಶೇಕಡ 50 ಮಂದಿಗೂ ಉಳಿದವರಲ್ಲಿ ಶೇಕಡ 20 ಮಂದಿಗೂ ಔಷಧದ ವಿಷಪರಿಣಾಮ ಕಂಡುಬಂದಿತು. ಬಾಯಿಹುಣ್ಣು, ಭೇದಿ, ಬಿಳಿಯ ರಕ್ತಕಣಗಳ ಇಳಿತ ಮುಂತಾದ ತೊಂದರೆಗಳು ವಿಪರೀತವಾದರೆ ಔಷಧದ ಪ್ರಮಾಣವನ್ನು ಇಳಿಸಬೇಕಾಗುತ್ತದೆ, ಇಲ್ಲವೆ ಸರದಿಯನ್ನು ಮುಂದೂಡಬೇಕಾಗುತ್ತದೆ. ಅಂದರೆ ನಷ್ಟವು ನೋವಿಗಷ್ಟೇ ಸೀಮಿತವಲ್ಲ, ಚಿಕಿತ್ಸೆಯೇ ಕುಂಠಿತವಾಗುತ್ತದೆ.

ಈ ಅಧ್ಯಯನ ಚಿಕ್ಕದು. ಮಾಂಸಖಂಡವನ್ನು ಬೆಳೆಸಿದ ಮಾತ್ರಕ್ಕೆ ಅಡ್ಡಪರಿಣಾಮಗಳೆಲ್ಲ ನಿಲ್ಲುವುವೆಂದು ಇದರಿಂದ ಸಿದ್ಧವಾಗದು. ರೋಗವು ತಾನಾಗಿಯೂ ಮಾಂಸಖಂಡವನ್ನು ಕರಗಿಸುತ್ತದೆ. ಅದಕ್ಕೆ ರೋಗಿಯನ್ನಾಗಲಿ ಮನೆಯವರನ್ನಾಗಲಿ ದೂರುವುದು ತರವಲ್ಲ. ಆದರೂ ನಮ್ಮ ಕೈಲಾದುದನ್ನು ಮಾಡದಿರುವುದಕ್ಕೆ ಇದು ನೆಪವಾಗಬಾರದು.

ಯೂರೋಪಿನ ಪೋಷಣ ತಜ್ಞರ ಸಂಘವು ಕ್ಯಾನ್ಸರ್ ರೋಗಿಗಳಿಗೆ ದಿನವೊಂದಕ್ಕೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ 1 ಗ್ರಾಮಿಗಿಂತ ಹೆಚ್ಚು, ಸಾಧ್ಯವಾದರೆ 1.5 ಗ್ರಾಮಿನವರೆಗೆ ಸಸಾರಜನಕ ಬೇಕೆಂದು ಸೂಚಿಸಿದೆ. ಐವತ್ತು ಕಿಲೋಗ್ರಾಂ ತೂಕದವರಿಗೆ ಇದು 50ರಿಂದ 75 ಗ್ರಾಂ ಆಯಿತು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಸಸಾರಜನಕವಿದೆ. ತೆಳು ಗಂಜಿ, ಎಳನೀರುಗಳಿಂದ ಈ ಲೆಕ್ಕ ತುಂಬದು. ಬೇಳೆ, ಮೊಸರು, ಮೊಟ್ಟೆ, ಮೀನುಗಳನ್ನು ಅವರವರ ಪದ್ಧತಿಗೆ ತಕ್ಕಂತೆ, ಸ್ವಲ್ಪ ಸ್ವಲ್ಪವಾಗಿ ಹಲವು ಬಾರಿ ಕೊಡಬೇಕು. ವಾಕರಿಕೆಯಿಂದ ಬಳಲುವವರನ್ನು ಬಲವಂತಪಡಿಸದೆ, ಅದನ್ನು ವೈದ್ಯರಿಗೆ ತಿಳಿಸಿ ಔಷಧ ಪಡೆಯಬೇಕು. ಮೂತ್ರಪಿಂಡದ ತೊಂದರೆ ಉಳ್ಳವರು ವೈದ್ಯರ ಸಲಹೆಯಿಲ್ಲದೆ ಸಸಾರಜನಕವನ್ನು ಹೆಚ್ಚಿಸಬಾರದು. ವೈದ್ಯರು ಒಪ್ಪಿದರೆ ಪ್ರತಿದಿನ ನಡಿಗೆ ಮತ್ತು ಕುರ್ಚಿಯಿಂದ ಎದ್ದು ಕೂರುವಂಥ ಲಘು ವ್ಯಾಯಾಮ ಇರಲಿ.

ಆಸ್ಪತ್ರೆಗಳಿಗೂ ಒಂದು ವಿನಂತಿ ಇದೆ. ರೋಗ ನಿರ್ಣಯಕ್ಕಾಗಿ ಹೊಟ್ಟೆಯ ಸಿ.ಟಿ. ಸ್ಕ್ಯಾನ್ ಮಾಡಿದ್ದರೆ, ಸೊಂಟದ ಮೂರನೆಯ ಕಶೇರುವಿನ ಮಟ್ಟದ ಚಿತ್ರದಿಂದಲೇ ಮಾಂಸಖಂಡವನ್ನು ಅಳೆಯಬಹುದು. ಕೈಹಿಡಿತದ ಬಲವನ್ನು ಅಳೆಯುವ ಸಣ್ಣ ಉಪಕರಣವೂ ಉಂಟು. ರೋಗಿಯ ಚೀಟಿಯಲ್ಲಿ ತೂಕದ ಪಕ್ಕದಲ್ಲಿ ಈ ಸಂಗತಿಯನ್ನೂ ಬರೆಯುವ ರೂಢಿ ಎಲ್ಲೆಡೆ ಬರಬೇಕು. ಔಷಧದ ಪ್ರಮಾಣವನ್ನು ತೀರ್ಮಾನಿಸುವುದು ಮಾತ್ರ ವೈದ್ಯರ ಕೆಲಸ. ಆ ವಿಷಯದಲ್ಲಿ ನಾವು ಕೈಹಾಕಬಾರದು.

ಊರಿನಿಂದ ಬಂದ ರೋಗಿಗೆ ಆಸ್ಪತ್ರೆಯ ಹಿಂದಿ, ಇಂಗ್ಲಿಷ್ ಸೂಚನೆಗಳು ಎಷ್ಟೋ ವೇಳೆ ಅರ್ಥವಾಗುವುದಿಲ್ಲ. ಆಹಾರ ತಜ್ಞರ ಸಲಹೆ ಪಡೆದು ಕನ್ನಡದಲ್ಲಿ ಒಂದು ಪುಟದ ಆಹಾರ ಪಟ್ಟಿಯನ್ನು ಅಚ್ಚು ಹಾಕಿಸಿ ಹಂಚುವುದು ನಮ್ಮ ಸಂಘಕ್ಕೆ ದೊಡ್ಡ ಖರ್ಚಿನ ಕೆಲಸವೇನಲ್ಲ. ರೋಗಿಯನ್ನು ನೋಡಲು ಹೋಗುವ ಸದಸ್ಯರು ಹಣ್ಣಿನ ಬುಟ್ಟಿಯೊಡನೆ ಆ ಹಾಳೆಯನ್ನೂ ಒಯ್ದು, ಅವರೊಂದಿಗೆ ಹತ್ತು ನಿಮಿಷ ಮೆಲ್ಲನೆ ನಡೆದು ಬಂದರೆ ಅದು ನಿಜವಾದ ಸೇವೆಯಾದೀತು.