ಡಬ್ಬಿ ತಗದು ನೋಡಿದ್ರ ಸಿಟ್ಟಾಗಬ್ಯಾಡ್ರಿ

ಈ ಸಲ ಅಡಗಿ ಮಾತಲ್ಲ, ಅಂಗಡಿ ಮಾತು. ಗೋಕಾಕದಾಗ ನಮ್ಮ ಮನಿ ಮುಂದಿನ ಖೋಲಿಯೊಳಗ ಪಾರ್ಸಲ್ ಅಂಗಡಿ ಸುರು ಮಾಡಿ ಒಂಬತ್ತು ವರ್ಷ ಆತು. ಹೆಸರಿಗೆ ನಮ್ಮ ಮನಿಯವರ ಅಂಗಡಿ, ಆದ್ರ ಅವರು ಹೊಲಕ್ಕ ಹೋದ್ರ ಬರೂದು ಸಂಜಿಗೇ. ಡಬ್ಬಿ ಕಟ್ಟೂದು, ತೂಕ ಮಾಡೂದು, ಕಂಪ್ಯೂಟರ್‌ನ್ಯಾಗ ವಿಳಾಸ ಹಾಕಿ ಚೀಟಿ ತಗಿಯೂದು ಎಲ್ಲಾ ನಾನೇ. ಪಿಯುಸಿ ಕಲ್ತಿದ್ದು ಈ ವಯಸ್ಸಿಗೆ ಉಪಯೋಗಕ್ಕ ಬಂತು ನೋಡ್ರಿ. ಒಲಿ ಮ್ಯಾಲ ಬ್ಯಾಳಿ ಇಟ್ಟು ಬಂದು ಟೇಪ್ ಹಚ್ಚೂದ್ರಾಗ ಕುಕ್ಕರ್ ಎಷ್ಟು ಸೀಟಿ ಹೊಡೀತು ಅನ್ನೂದು ಮರತಿರತೈತಿ. ಸಂಜಿ ಐದೂವರಿಗೆ ಬೆಳಗಾವಿಗೆ ಹೋಗೂ ಗಾಡಿ ಬರತೈತಿ. ಅಷ್ಟರೊಳಗ ಎಲ್ಲಾ ಚೀಲಕ್ಕ ತುಂಬಿ ಬಾಯಿ ಕಟ್ಟಿರಬೇಕು.

ನನ್ನ ಮಾತು ಇಷ್ಟೇ. ನೀವು ಕಟ್ಟಿ ತಂದ ಡಬ್ಬಿ ನಾ ಬಿಚ್ಚಿ ನೋಡ್ತೀನಿ ಅಂದ್ರ ಸಿಟ್ಟಾಗಬ್ಯಾಡ್ರಿ. "ನಮ್ಮವರನ್ನೇ ನಂಬೂದಿಲ್ಲೇನ?" ಅಂತ ಕೇಳ್ತೀರಿ. ಬಂಗಾರದಂಗಡಿಯವ ನಿಮ್ಮ ಬಳಿ ಒರಿಗಲ್ಲಿಗೆ ತಿಕ್ಕಿ ನೋಡಿದಾಗ ಸುಮ್ಮನ ನಿಂದ್ರತೀರಿ. ಬ್ಯಾಂಕಿನ್ಯಾಗ ನೋಟು ಎರಡೆರಡು ಸಲ ಎಣಸಿದ್ರೂ ಸುಮ್ಮನ ನಿಂದ್ರತೀರಿ. ನಾ ಒಂದು ಡಬ್ಬಿ ಮುಚ್ಚಳ ಎತ್ತಿದ್ರ ಮಾತ್ರ ಮಾರಿ ಸಣ್ಣದಾಗತೈತಿ, ಯಾಕಂದ್ರ ನಾ ನಿಮ್ಮ ಬಳಗದಾಕಿ.

ತೂಕದ ಜಗಳ ಬ್ಯಾರೆ, ಅದಕ್ಕ ನಾ ಬ್ಯಾಸರಾ ಮಾಡ್ಕೊಳ್ಳೂದಿಲ್ಲ. ಖಡಕ್ ರೊಟ್ಟಿ ಮುರೀಬಾರದಂತ ಟಿವಿ ಬಂದಿದ್ದ ದೊಡ್ಡ ಡಬ್ಬಿ ತರ್ತೀರಿ. ವಿಮಾನದಾಗ ಹೋಗೂ ಪಾರ್ಸಲ್ಲಿಗೆ ಜಾಗಕ್ಕೂ ರೊಕ್ಕ. ಉದ್ದ, ಅಗಲ, ಎತ್ತರ ಸೆಂಟಿಮೀಟರ್‌ನ್ಯಾಗ ಗುಣಿಸಿ 5000ಕ್ಕ ಭಾಗಸಬೇಕು. 40, 30, 30ರ ಡಬ್ಬಿ ಇದ್ರ 7.2 ಕಿಲೋ ಆತು, ಒಳಗ ನಾಕ ಕಿಲೋ ಇದ್ರೂ ರೊಕ್ಕ 7.2ರದ್ದು. ಸಣ್ಣ ಡಬ್ಬಿ ತರ್ರಿ, ರೊಟ್ಟಿ ಒತ್ತಿ ಜೋಡಸ್ರಿ, ಸಂದಿನ್ಯಾಗ ಚಟ್ನಿಪುಡಿ ಪಾಕೀಟ ತುರಕ್ರಿ. ಜಾಗಾ ಖಾಲಿ ಉಳದ್ರ ರೊಟ್ಟಿ ಕುಣದು ಕುಣದು ಪುಡಿ ಆಗತಾವ. ಇಷ್ಟು ಹೇಳಿದ್ರ ನಕ್ಕೋತ ಹೋಗ್ತೀರಿ. ಬಿಚ್ಚೂ ಮಾತಿಗೆ ಯಾರೂ ನಗೂದಿಲ್ಲ.

ಮದಲ ನಾನೂ ಬಿಚ್ಚತಿರಲಿಲ್ಲ. ಮೂರು ವರ್ಷದ ಹಿಂದ ಮಳಿಗಾಲದಾಗ ಗುರ್ತಿನವರೊಬ್ರು ಪುಣೆದಾಗ ಇರೂ ಮಗಗ ಡಬ್ಬಿ ತಂದ್ರು. "ಒಳಗೇನೈತ್ರಿ?" ಅಂದೆ. "ಬರೇ ಅರಬಿ, ತಂಗಿ" ಅಂದ್ರು. ದೊಡ್ಡವರು, ಹೆಂಗ ತಗೀರಿ ಅನ್ನೂದು ಅಂತ ಚೀಟಿ ಹಚ್ಚಿ ಕಳಿಸಿಬಿಟ್ಟೆ. ಅರಬಿ ನಡುವ ಗಾಜಿನ ಭರಣಿಯೊಳಗ ಮಾವಿನಕಾಯಿ ಉಪ್ಪಿನಕಾಯಿ ಇತ್ತು. ಅದೇ ಚೀಲದಾಗ ನಮ್ಮ ಓಣಿ ಹುಡುಗಿಯ ಅಂಕಪಟ್ಟಿ ಹೊಂಟಿದ್ವು. ಎಸೆಸೆಲ್ಸಿ, ಪಿಯುಸಿ, ಡಿಗ್ರಿ, ಎಲ್ಲಾ ಅಸಲು. ಪುಣೆದಾಗ ಆಕಿಗೆ ನೌಕರಿ ಸಿಕ್ಕಿತ್ತು, ವಾರದಾಗ ತೋರಸಬೇಕಿತ್ತು.

ಭರಣಿ ಒಡದು ಎಣ್ಣಿ, ಖಾರ ಎಲ್ಲಾ ಕಾಗದಕ್ಕ ಇಳೀತು. ಹತ್ತು ದಿನಕ್ಕ ಆ ಹುಡುಗಿ ಅಪ್ಪ ಆ ಕಾಗದ ತಗೊಂಡು ನಮ್ಮಂಗಡಿಗೆ ಬಂದ್ರು. ಒಂದು ಮಾತು ಬೈಲಿಲ್ಲ. ಟೇಬಲ್ ಮ್ಯಾಲ ಹರವಿ ಅಂಗೈಲೆ ಸವರಿ ಸವರಿ ಸಪಾಟ ಮಾಡ್ಕೋತ ಕೂತ್ರು. ಬೈದಿದ್ರ ಚಲೋ ಇತ್ತು. ಹೊಸಾ ಅಂಕಪಟ್ಟಿ ತಗಿಸಾಕ ಅಫಿಡವಿಟ್ ಏನು, ಅರ್ಜಿ ಏನು, ಓಡಾಟ ಏನು! ಖರ್ಚಿನಾಗ ಅರ್ಧಾ ನಾವು ಕೊಟ್ವಿ. ಆಕಿ ನೌಕರಿ ಉಳೀತು, ಅದು ದೇವರ ದಯಾ. ಉಪ್ಪಿನಕಾಯಿ ಕಳಿಸಿದವರಿಗೆ ಹೇಳಿದ್ರ, "ನಿಮ್ಮ ಪಾರ್ಸಲ್‌ನವರು ಎತ್ತಿ ಒಗದಾರ" ಅಂದ್ರು. ಒಗದಿರಬಹುದು, ನಾ ಇಲ್ಲ ಅನ್ನೂದಿಲ್ಲ. ಆದ್ರ ಗಾಜಿಂದು ಐತಿ ಅಂತ ಗೊತ್ತಿದ್ರ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ತರ್ರಿ ಅಂತ ವಾಪಸ್ ಕಳಿಸ್ತಿದ್ದೆ. ಅವರ ತಪ್ಪಿಗಿಂತ ನನ್ನ ದಾಕ್ಷಿಣ್ಯದ ತಪ್ಪು ದೊಡ್ಡದು.

ಅವತ್ತಿಂದ ಎಲ್ಲಾರ ಡಬ್ಬಿನೂ ಬಿಚ್ಚತೀನಿ. ಏನೇನು ಸಿಕ್ಕಾವ ಅಂತ ಹೇಳಿದ್ರ ನಗ್ತೀರಿ. ಪೂಜಾ ಸಾಮಾನಿನ್ಯಾಗ ಕರ್ಪೂರ, ಕಡ್ಡಿಪೆಟ್ಟಗಿ. ಅವೆರಡೂ ಬೆಂಕಿ ಹಿಡಿಯೂವು, ವಿಮಾನಕ್ಕ ನಡಿಯೂದಿಲ್ಲ. ಸೆಂಟಿನ ಬಾಟ್ಲಿ, ಮೊಬೈಲ್ ಚಾರ್ಜ್ ಮಾಡೂ ಪವರ್ ಬ್ಯಾಂಕ್. ಸೀರಿ ಮಡಿಕಿನ್ಯಾಗ ಐದನೂರರ ನೋಟು. ಇವರ‍್ಯಾರೂ ಕಳ್ಳರಲ್ಲ, ಎಲ್ಲಾ ತಾಯಂದಿರು.

ಒಂದು ಮಾತು ಮಾತ್ರ ನಿಮ್ಮದು ಖರೇ. ಒಮ್ಮೆ ಒಬ್ಬಾಕಿ ಬೆಂಗಳೂರಿನ್ಯಾಗ ಓದೂ ಮಗಗ ಡಬ್ಬಿ ತಂದಿದ್ಲು. ಅಂಗಡಿಯಾಗ ನಾಕ ಮಂದಿ ನಿಂತಿದ್ರು, ಅವರ ಮುಂದೇ ಬಿಚ್ಚಿದೆ. ಒಳಗ ಎರಡು ಹಳೇ ಅಂಗಿ, ಒಂದು ಪಾವು ಶೇಂಗಾ, ಹೊಲದ ಮಾಲಕರ ಮನಿಯಿಂದ ಕೊಟ್ಟ ಕರದಂಟಿನ ತುಂಡು. ಆಕಿ ಸೆರಗು ಎಳದು ಡಬ್ಬಿ ಮ್ಯಾಲ ಹಾಕಿದ್ಲು. ನನಗ ಆ ರಾತ್ರಿ ಊಟ ಸೇರಲಿಲ್ಲ. ಮರುದಿನ ಹಳೇ ಸೀರಿಲೆ ಪರದೆ ಹೊಲದು ಕಟ್ಟಿಸೀನಿ. ಈಗ ಒಳಗ ಕರದು, ನಾವಿಬ್ರೇ ಇದ್ದು ನೋಡ್ತೀನಿ. ಮಂದಿ ಮುಂದ ಬಿಚ್ಚೂದು ತಪ್ಪು ಅಂದ್ರ ಒಪ್ಗೋತೀನಿ, ಬಿಚ್ಚೂದೇ ತಪ್ಪು ಅಂದ್ರ ಒಪ್ಪೂದಿಲ್ಲ.

ಇಷ್ಟೆಲ್ಲಾ ಬರಿಯಾಕ ಕಾರಣ ನಮ್ಮ ಹಿರೇ ನೆಗೆಣ್ಣಿ. ಅವರೂ ಇದನ್ನ ಓದ್ತಾರ, ಓದ್ಲಿ. ಹೋದ ತಿಂಗಳು ಅವರ ಮಗಳು ದುಬೈದಾಗ ಹಡದ್ಲು. ಮೊಣಕಾಲು ನೋವಂತ ಇವರಿಗೆ ಬಾಣಂತನಕ್ಕ ಹೋಗಾಕ ಆಗಲಿಲ್ಲ. ಅದೇ ಸಂಕಟದಾಗ ಎರಡು ದಿನ ಕೂತು ಅಂಟಿನ ಉಂಡಿ ಕಟ್ಟಿ, ಡಬ್ಬಿಗೆ ನಾಕ ಸುತ್ತು ಟೇಪ್ ಸುತ್ತಿ ತಂದ್ರು. ನಾ ಕತ್ರಿ ತಗೊಂಡೆ.

"ನನ್ನ ಡಬ್ಬಿನೂ ಬಿಚ್ಚತಿ?"

"ಅಕ್ಕಾರ, ಹೊರದೇಶಕ್ಕ ಹೋಗೂದು, ಒಂದೊಂದು ಸಾಮಾನಿನ ಹೆಸರು, ಕಿಮ್ಮತ್ತು ಬರದು ನಾ ಸಹಿ ಮಾಡಬೇಕ್ರಿ. ಉಂಡಿಗೆ ಗಸಗಸಿ ಹಾಕೀರೇನ್ರಿ?"

"ಗಸಗಸಿ ಇಲ್ಲದ ಅಂಟಿನ ಉಂಡಿ ನಿಮ್ಮ ತವರಮನಿಯಾಗ ಮಾಡ್ತಾರೇನ?"

ಗಸಗಸಿ ಅಫೀಮಿನ ಗಿಡದ ಬೀಜ. ನಮ್ಮಲ್ಲೆ ಪಾಯಸಕ್ಕ ಹಾಕ್ತೀವಿ, ದುಬೈದ ಕಾಯ್ದೆಯೊಳಗ ಅದು ಮಾದಕ ವಸ್ತು. ಸೌದಿಯೊಳಗೂ ನಿಷೇಧ. ಸಿಕ್ರ ತಗೊಂಡು ಒಗದು ಬಿಡ್ತಾರಂತ ತಿಳೀಬ್ಯಾಡ್ರಿ, ಪೊಲೀಸ ಕೇಸ ಆಗಬಹುದು. ಪಾರ್ಸಲ್ ಮ್ಯಾಲ ಇರೂದು ಯಾರ ಹೆಸರು? ಹದಿನೈದು ದಿನದ ಬಾಣಂತಿ ಹೆಸರು. ಇದನ್ನ ಹೇಳಿದೆ, ಕೈ ಹಿಡದು ಹೇಳಿದೆ. ಅವರು ಕೇಳಲಿಲ್ಲ. "ನನ್ನ ಮಗಳಿಗೆ ವಿಷಾ ಕಳಸ್ತೀನಂತಿ" ಅಂದು ಡಬ್ಬಿ ಬಗಲಾಗ ಹಿಡಕೊಂಡು ಹೋಗಿಬಿಟ್ರು. ಬಳಗದಾಗೆಲ್ಲಾ ಸುದ್ದಿ ಆತು. ಕೂಸು ನೋಡಾಕ ಹೋಗೂ ಮದಲೇ ಜಗಳಾ ತಗದಾಳ ಅಂತ ನನಗ ಫೋನ್ ಮಾಡಿ ಬೈದವರೂ ನಿಮ್ಮೊಳಗ ಅದೀರಿ.

ನಾಕ ದಿನ ಬಿಟ್ಟು ಅವರ ಮೊಮ್ಮಗ ಡಬ್ಬಿ ತಂದ. "ಹೊಸಾ ಉಂಡಿ ಅಂತ, ಗಸಗಸಿ ಹಾಕಿಲ್ಲಂತ ಹೇಳು ಅಂದ್ಲು ಆಯಿ." ಡಬ್ಬಿಗೆ ಟೇಪ್ ಹಚ್ಚಿರಲಿಲ್ಲ. ಆದ್ರೂ ಒಂದು ಉಂಡಿ ಮುರದು ನೋಡೇ ಕಟ್ಟೀನಿ. ಉತ್ತತ್ತಿ, ಒಣಕೊಬ್ರಿ, ಅಂಟು, ಬೆಲ್ಲ. ಮುರದಿದ್ದು ಹುಡುಗನ ಕೈಯಾಗ ಕೊಟ್ಟೆ.

ಮೊನ್ನೆ ಮುಟ್ಟಿದ ಸುದ್ದಿ ಬಂತು. ನಾನೇ ಅವರ ಮನಿಗೆ ಹೋಗಿ ಹೇಳಿದೆ. "ಹೂಂ" ಅಂದ್ರು. ಚಾ ಕುಡಿ ಅನ್ನಲಿಲ್ಲ.

ಪಂಚಮಿ ಹತ್ರ ಬಂತು, ಉಂಡಿ ಕಳಸೂವರು ಟೇಪ್ ಹಚ್ಚದ ತರ್ರಿ, ಟೇಪ್ ನಮ್ಮಲ್ಲೆ ಐತಿ. ನಾಕ ಗಂಟೆ ಒಳಗ ಬರ್ರಿ, ಆಮ್ಯಾಲ ಗದ್ದಲ ಇರತೈತಿ.