ಮೂರನೆಯ ಪತ್ರ

ಮಳೆಗಾಲ ಮುಗಿಯುತ್ತಿದ್ದಂತೆ ನಮ್ಮ ಬಳಗಕ್ಕೆ ಪ್ರತಿವರ್ಷವೂ ಒಂದು ಬಗೆಯ ಕೋರಿಕೆ ಬರುತ್ತದೆ. ಹನ್ನೆರಡನೆಯ ತರಗತಿಯ ಮಗನೋ ಮಗಳೋ ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುತ್ತಿದ್ದಾರೆ. ಬಳಗದ ಲೆಟರ್‌ಹೆಡ್ಡಿನಲ್ಲಿ ಒಂದು ಶಿಫಾರಸು ಪತ್ರ ಬೇಕು. ಶಾಲೆಯವರ ಪತ್ರಗಳು ಆಗಲೇ ಹೋಗಿವೆ, ಇದೊಂದು ಹೆಚ್ಚಿಗೆ ಇರಲಿ, ಇದ್ದರೆ ನಷ್ಟವೇನು ಎಂಬುದು ತಂದೆತಾಯಿಯರ ಮಾತು. ನಾವೂ ಬಹುಕಾಲ ಸಹಿ ಹಾಕಿ ಕೊಟ್ಟಿದ್ದೇವೆ. ಇನ್ನು ಮುಂದೆ ಹಾಗೆ ಮಾಡಬಾರದೆಂಬುದು ನಮ್ಮ ಅಭಿಪ್ರಾಯ.

ಗೊಂದಲದ ಬೇರು ಪದದಲ್ಲಿಯೇ ಇದೆ. ಪಾರಸಿ ಮೂಲದ 'ಶಿಫಾರಸು' ನಮ್ಮಲ್ಲಿ ವಶೀಲಿಯ ನೆರೆಮನೆಯಲ್ಲಿ ನೆಲೆಸಿದೆ. ಹೇಳುವವರು ಎಷ್ಟು ದೊಡ್ಡವರೋ ಕೆಲಸ ಅಷ್ಟು ಸಲೀಸು ಎಂಬ ನಂಬಿಕೆ ನಮ್ಮದು. ಜೆಇಇ, ನೀಟ್, 2022ರಿಂದೀಚೆಗೆ ಸಿಯುಇಟಿ ಇವುಗಳ ಅಂಕವೇ ಬಾಗಿಲು ತೆರೆಯುವ ದೇಶದಲ್ಲಿ ಪತ್ರಕ್ಕೆ ಬೇರೆ ಅರ್ಥವಿರಬಹುದೆಂದು ನಮಗೆ ತೋರುವುದೂ ಕಷ್ಟ. ಆದ್ದರಿಂದಲೇ ಶಾಸಕರನ್ನು, ನಿವೃತ್ತ ಅಧಿಕಾರಿಗಳನ್ನು ಹುಡುಕಿಕೊಂಡು ಹೊರಡುತ್ತೇವೆ.

ಅಮೆರಿಕದ ಕಾಲೇಜುಗಳು ಪತ್ರದಲ್ಲಿ ಹುಡುಕುವುದು ಸಾಕ್ಷ್ಯವನ್ನು. ಅನೇಕ ಖಾಸಗಿ ಕಾಲೇಜುಗಳು ಶಾಲೆಯ ಕೌನ್ಸೆಲರ್ ಅವರ ವರದಿಯನ್ನೂ ಒಬ್ಬಿಬ್ಬರು ಅಧ್ಯಾಪಕರ ಪತ್ರಗಳನ್ನೂ ಕೇಳುತ್ತವೆ. ಎಂಐಟಿ ಗಣಿತ ಅಥವಾ ವಿಜ್ಞಾನ ಕಲಿಸಿದವರೊಬ್ಬರ ಮಾತನ್ನೂ, ಮಾನವಿಕ, ಸಮಾಜವಿಜ್ಞಾನ ಅಥವಾ ಭಾಷೆ ಕಲಿಸಿದವರೊಬ್ಬರ ಮಾತನ್ನೂ ಬಯಸುತ್ತದೆ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯ ಸಾಮಾನ್ಯವಾಗಿ ಅರ್ಜಿಯೊಂದಿಗೆ ಪತ್ರಗಳನ್ನೇ ಕೇಳುವುದಿಲ್ಲ. ಅಲ್ಲಿನ 1974ರ ಕಾನೂನು ದಾಖಲಾದ ವಿದ್ಯಾರ್ಥಿಗೆ ತನ್ನ ಕಡತ ನೋಡುವ ಹಕ್ಕನ್ನು ಕೊಟ್ಟಿದ್ದರೂ, ಪತ್ರಗಳ ಮಟ್ಟಿಗೆ ಆ ಹಕ್ಕನ್ನು ಬಿಟ್ಟುಕೊಡುವುದು ರೂಢಿ. ಬರೆಯುವವರು ನಿಸ್ಸಂಕೋಚವಾಗಿ ಬರೆಯಲಿ ಎಂದು. ಇಂತಹ ವ್ಯವಸ್ಥೆಯಲ್ಲಿ ಹುಡುಗನನ್ನು ಎರಡು ಬಾರಿ ಕಂಡ ಗಣ್ಯರ ಹೊಗಳಿಕೆ ಏನು ಹೇಳೀತು? ಅವನ ಮನೆಯವರಿಗೆ ಗಣ್ಯರ ಪರಿಚಯವಿದೆ ಎಂದಷ್ಟೆ.

ಐವತ್ತು ಮಕ್ಕಳ ತರಗತಿಯಲ್ಲಿ ಅಧ್ಯಾಪಕರಿಗೆ ನಮ್ಮ ಮಗುವಿನ ಮುಖವೇ ನೆನಪಿರದು, ಅವರ ಪತ್ರ ಸಪ್ಪೆಯಾಗಿರುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ. ಆದರೆ ಸಪ್ಪೆ ಪತ್ರಕ್ಕೆ ಇನ್ನೊಂದು ಸಪ್ಪೆ ಪತ್ರ ಮದ್ದಲ್ಲ. ಮಗು ಮಾಡಿದ ಪ್ರಯೋಗ, ಕೇಳಿದ ಪ್ರಶ್ನೆ, ಎಡವಿ ತಿದ್ದಿಕೊಂಡ ಸಂದರ್ಭ ಇವನ್ನು ಆ ಅಧ್ಯಾಪಕರಿಗೇ ಬೇಸಿಗೆಯೊಳಗೆ ನೆನಪಿಸಿಕೊಡುವುದು ಲೇಸು.

ಹಾಗಾದರೆ ಮೂರನೆಯ ಪತ್ರ ಎಂದಿಗೂ ಬೇಡವೆ? ಎರಡು ವರ್ಷಗಳ ಹಿಂದೆ ನಾವು ಒಬ್ಬ ಹುಡುಗನಿಗೆ ಪತ್ರ ಬರೆದುಕೊಟ್ಟೆವು. ರಾಜ್ಯೋತ್ಸವದ ವೇದಿಕೆಯ ಮೇಲೆ ಅತಿಥಿಗಳಿಗೆ ಹೂಗುಚ್ಛ ನೀಡಿದ್ದನ್ನು ಬಿಟ್ಟರೆ ಅವನ ವಿಷಯ ನಮಗೇನೂ ಗೊತ್ತಿರಲಿಲ್ಲ. 'ನಾಯಕತ್ವ', 'ಶ್ರದ್ಧೆ' ಎಂದು ಪುಟ ತುಂಬಿಸಿದೆವು. ಅದೇ ವರ್ಷ, ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ ಮೂರು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದ ಹುಡುಗಿಯೂ ಅರ್ಜಿ ಹಾಕಿದ್ದಳು. ಒತ್ತಕ್ಷರಗಳ ಬಳಿ ಸೋತು ತರಗತಿ ಬಿಟ್ಟ ಬಾಲಕನೊಬ್ಬನಿಗೆ ಅವನ ಅಜ್ಜಿ, ಚಿಕ್ಕಪ್ಪ, ಅತ್ತೆಯರ ಹೆಸರುಗಳನ್ನೇ ಚೀಟಿಗಳಲ್ಲಿ ಬರೆದು ಓದಿಸಿ, ಮರಳಿ ಕರೆತಂದವಳು ಅವಳು. ಶಾಲೆಯ ಯಾವ ಅಧ್ಯಾಪಕರಿಗೂ ಇದು ತಿಳಿದಿರಲಾರದು. ಬರೆಯಬೇಕಾಗಿದ್ದ ಪತ್ರ ಅದು. ಅವರು ಕೇಳಲಿಲ್ಲ, ನಾವು ಬರೆಯಲಿಲ್ಲ. ಕೇಳಲು ಅವಳ ತಾಯಿಗೆ ಸಂಕೋಚವಾಯಿತೆಂದು ಆಮೇಲೆ ತಿಳಿಯಿತು.

ಆ ಲಜ್ಜೆ ನಮ್ಮಲ್ಲಿ ಇನ್ನೂ ಉಳಿದಿದೆ. ಕಾಲೇಜು ಹೆಚ್ಚುವರಿ ಪತ್ರಕ್ಕೆ ಅವಕಾಶ ನೀಡಿದ್ದರೆ, ಶಾಲೆ ಕಾಣದ್ದನ್ನು ನಾವು ಕಣ್ಣಾರೆ ಕಂಡಿದ್ದರೆ, ಒಂದೇ ಒಂದು ಪತ್ರ ಬರೆಯೋಣ. ಉಳಿದವರಿಗೆ ವಿನಯದಿಂದ ಇಲ್ಲವೆನ್ನೋಣ. ಅನೇಕ ಕಾಲೇಜುಗಳ ಮೊದಲ ಗಡುವು ನವೆಂಬರ್ 1, ನಮ್ಮ ರಾಜ್ಯೋತ್ಸವದ ದಿನವೇ. ಅದಕ್ಕೆ ಮೊದಲು ಭಾನುವಾರದ ತರಗತಿಗೆ ಹೋಗಿ, ಈ ವರ್ಷ ಅರ್ಜಿ ಹಾಕುವವರು ಯಾರಾದರೂ ಇದ್ದಾರೆಯೇ ಎಂದು ನಾವೇ ಕೇಳಬೇಕಾಗಿದೆ.